ಮೂರು ಹತ್ತಕ್ಕೆ ನಿಂತ ಗಡಿಯಾರ

ಇದರಲ್ಲಿ ಎಷ್ಟು ನಿಜ, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಹೇಳಲಾರೆ. ತಾತ ತೀರಿಕೊಂಡಾಗ ನನಗೆ ಏಳು ವರ್ಷವೋ ಎಂಟೋ. ನೆನಪಿನಲ್ಲಿ ಹಸಿರು ಲಂಗ ಹಾಕಿಕೊಂಡಿದ್ದೇನೆ. ಆದರೆ ಆ ಲಂಗ ಮರುವರ್ಷ ಹೊಲಿಸಿದ್ದೆಂದು ಅಮ್ಮ ಹೇಳುತ್ತಿದ್ದಳು. ಲಂಗವನ್ನು ಬಿಟ್ಟುಬಿಡಬಹುದು. ಕೈಯಲ್ಲಿದ್ದ ಗಡಿಯಾರವನ್ನು ಬಿಡಲಾಗುತ್ತಿಲ್ಲ.

ಅದು ತಾತನ ಜೇಬು ಗಡಿಯಾರ, ಅವರಿಗೆ ಅವರ ತಂದೆಯಿಂದ ಬಂದದ್ದು. ನಂಜನಗೂಡಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ತಾತ ಅದನ್ನು ಹಿಡಿದು ಹೊರಗೆ ಜಗಲಿಯಲ್ಲಿ ಕೂರುತ್ತಿದ್ದರಂತೆ. ಮಗು ಅತ್ತ ಸದ್ದು ಕೇಳಿದೊಡನೆ ಮುಳ್ಳು ನೋಡಿ ಪಂಚಾಂಗದ ಅಂಚಿನಲ್ಲಿ ಹೊತ್ತು ಬರೆಯುವುದು. ನನ್ನ ಜಾತಕವೂ ಆ ಗಡಿಯಾರದ್ದೇ. ಅವರು ಹೋದ ಹೊತ್ತನ್ನೂ ಅಪ್ಪ ಅದರಲ್ಲೇ ನೋಡಿ ಹಾಗೆಯೇ ಬರೆದಿಟ್ಟರು: ಮೂರು ಗಂಟೆ ಹತ್ತು ನಿಮಿಷ. ಆವತ್ತು ಮಧ್ಯಾಹ್ನ ಮೂರೂವರೆಯವರೆಗೆ ಸಪ್ತಮಿ, ಆಮೇಲೆ ಅಷ್ಟಮಿ. ಹಾಗಾಗಿ ತಾತನ ಶ್ರಾದ್ಧ ಸಪ್ತಮಿಗೆ. ಮೊದಲು ಅಪ್ಪ ಮಾಡುತ್ತಿದ್ದರು, ಈಗ ತಮ್ಮ ಮಾಡುತ್ತಾನೆ.

ಗಡಿಯಾರ ಇವತ್ತಿಗೂ ಮೂರು ಹತ್ತನ್ನೇ ತೋರಿಸುತ್ತದೆ. ತಾತನ ಉಸಿರು ನಿಂತ ಕ್ಷಣಕ್ಕೇ ಅದೂ ನಿಂತಿತು ಎಂಬುದು ಮನೆಯವರ ಮಾತು. ಬಂದವರಿಗೆಲ್ಲ ಇದನ್ನು ಹೇಳುತ್ತಿದ್ದವರು ಅತ್ತೆ, ಅಪ್ಪನ ಅಕ್ಕ. ಕೊನೆಯ ಹೊತ್ತಿನಲ್ಲಿ ತಾತನ ತಲೆಯ ಬಳಿ ಕೂತಿದ್ದವರು ಅವರೇ.

ನನ್ನ ನೆನಪು ಬೇರೆ. ದೊಡ್ಡವರೆಲ್ಲ ಒಳಕೋಣೆಯಲ್ಲಿದ್ದರು. ತಾತ ದಿನಾ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಗಡಿಯಾರಕ್ಕೆ ಕೀ ಕೊಡುತ್ತಿದ್ದರು; ಆವತ್ತು ಯಾರೂ ಕೊಟ್ಟಿರಲಿಲ್ಲ. ನಿಂತುಹೋದರೆ ಎಂಬ ಹೆದರಿಕೆಗೆ ನಾನೇ ಗೋಡೆಯ ಗೂಡಿನಿಂದ ತೆಗೆದು ಕೀ ಕೊಟ್ಟೆ. ಒಂದು ಸುತ್ತು, ಇನ್ನೊಂದು, ಮತ್ತೊಂದು. ಬೆರಳ ತುದಿಯಲ್ಲಿ ಏನೋ ಟಕ್ ಎಂದಿತು. ಇದ್ದಲ್ಲೇ ಇಟ್ಟುಬಿಟ್ಟೆ. ಒಳಗಿನಿಂದ ಅಳು ಕೇಳಿದ್ದು ಆಮೇಲೆ. ಎಷ್ಟು ಹೊತ್ತಿನ ಮೇಲೆ, ಗೊತ್ತಿಲ್ಲ. ಹತ್ತು ನಿಮಿಷವಾಗಿದ್ದರೆ ಚಿಂತೆಯಿಲ್ಲ, ಆಗಿನ್ನೂ ಸಪ್ತಮಿಯೇ. ಅರ್ಧ ಗಂಟೆಯಾಗಿದ್ದರೆ ಅಷ್ಟರಲ್ಲಿ ಅಷ್ಟಮಿ; ಅಪ್ಪ ಬರೆದದ್ದು ನಿಂತ ಗಡಿಯಾರದ ಹೊತ್ತನ್ನು. ಇಷ್ಟು ವರ್ಷ ನಾವು ತಾತನನ್ನು ತಪ್ಪು ತಿಥಿಗೆ ಕರೆದಿದ್ದೇವೆ.

ಇದನ್ನೆಲ್ಲ ನಂಬುತ್ತೀಯಾ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ವಿಶ್ವವಿದ್ಯಾನಿಲಯದಲ್ಲಿ ಓದಿದವಳು, ನಂಬುವುದಿಲ್ಲ. ಆದರೂ ಶ್ರಾದ್ಧದ ಮರುದಿನ, ಅಷ್ಟಮಿಯಂದು, ಊಟಕ್ಕೆ ಕೂತರೆ, ಬಾಗಿಲಾಚೆ ಯಾರೋ ಕಾಲು ತೊಳೆದುಕೊಂಡು, ಒಳಗೆ ಕರೆಯಲಿ ಎಂದು ನಿಂತಂತಾಗುತ್ತದೆ. ಎರಡು ಸಲ ಎದ್ದುಹೋಗಿ ನೋಡಿದ್ದೇನೆ.

ಅಪ್ಪನ ನಂತರ ಗಡಿಯಾರ ನನ್ನ ಪಾಲಿಗೆ ಬಂತು. ಈ ವರ್ಷ ಪೇಟೆಯ ವಾಚ್ ರಿಪೇರಿಯವರ ಹತ್ತಿರ ಒಯ್ದೆ. ವಯಸ್ಸಾದವರು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿದರು.

"ತುಕ್ಕು ಹಿಡ್ದು ಕೀ ಕಚ್ಕೊಂಡದೆ ಕಣಮ್ಮ. ಒಳಗೆ ಸ್ಪ್ರಿಂಗ್ ಮುರ್ದದೋ, ಬರೀ ಎಣ್ಣೆ ಗಟ್ಟಿಯಾಗದೋ, ಬಿಚ್ಚುದ್ರೇ ಗೊತ್ತಾಗೋದು. ನಾನು ಬಿಚ್ಚಕಿಲ್ಲ, ಕೈ ನಡುಗ್ತದೆ. ಈಗೇನಿದ್ರೂ ಸೆಲ್ ಹಾಕ್ಕೊಡೋದು ಅಷ್ಟೇ."

"ನಾನೇ ಬಿಚ್ಚಿದ್ರೆ?"

"ಬಿಚ್ಚಿ. ಬಿಚ್ಚೋದು ಸುಲಭ. ಆಮೇಲೆ ಡಬ್ಬಿಲಿ ತುಂಬ್ಕೊಂಡು ನನ್ನತ್ರ ತರ್ಬೇಡಿ."

ಸಣ್ಣ ಸ್ಕ್ರೂಡ್ರೈವರ್, ಚಿಮಟ ತರಿಸಿಕೊಂಡೆ. ವಿಡಿಯೊ ನೋಡಿದೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಹಿಂದಿನ ಮುಚ್ಚಳ ತೆಗೆದೆ. ಇನ್ನು ಕೆಲವು ತಿರುಪು ಬಿಚ್ಚಿದರೆ ಸ್ಪ್ರಿಂಗ್ ಕಾಣುತ್ತದೆ. ಮುರಿದಿದ್ದರೆ ನನ್ನ ನೆನಪು ನಿಜ. ಇಡಿಯಾಗಿದ್ದರೆ ಆ ಟಕ್ ಸದ್ದು ನಾನೇ ಕಟ್ಟಿಕೊಂಡದ್ದು. ಆದರೆ ಮುರಿದಿದ್ದರೂ ತಾತ ಹೋದ ಹೊತ್ತು ಅದರೊಳಗಿರುವುದಿಲ್ಲ. ಆವತ್ತು ಒಳಗಿದ್ದವರಲ್ಲಿ ಈಗ ಉಳಿದಿರುವ ಅತ್ತೆಗೆ ಮಾತ್ರ ಅದು ಗೊತ್ತು. ಸ್ಕ್ರೂಡ್ರೈವರ್ ಕೆಳಗಿಟ್ಟು ಟಿ. ನರಸೀಪುರದ ಬಸ್ಸು ಹತ್ತಿದೆ.

ಅತ್ತೆ ಹಜಾರದಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದರು. "ಏನೇ, ಗಡಿಯಾರ ಬಿಚ್ಚೋಕೆ ಹೊರಟಿದೀಯಂತೆ? ನಿನ್ನ ತಮ್ಮ ಹೇಳ್ದ. ಓದಿದ್ದು ಇತಿಹಾಸ, ಮಾಡೋದು ರಿಪೇರಿ! ನಮ್ಮನೆ ಮಿಕ್ಸಿ ಯುಗಾದಿಯಿಂದ ಕೆಟ್ಟು ಕೂತಿದೆ, ಮೊದಲು ಅದನ್ನ ಬಿಚ್ಚಿ ಕೈ ಪಳಗಿಸ್ಕೋ."

ನಕ್ಕೆ. ಆಮೇಲೆ, ಯಾರಿಗೂ ಹೇಳದಿದ್ದ ಕೀ ಕೊಟ್ಟ ಕಥೆ ಹೇಳಿದೆ. ಅವರ ಬೆರಳುಗಳ ನಡುವೆ ಹತ್ತಿ ಅಷ್ಟಕ್ಕೇ ನಿಂತಿತು. ಮುಂದಿನ ತಿಂಗಳು ಶ್ರಾದ್ಧ. ಯಾವ ದಿನ ಮಾಡಬೇಕೆಂದು ತಮ್ಮನಿಗೆ ಹೇಳಬೇಕು ಎಂದೆ. ಕೇಳಬೇಕಾದ್ದನ್ನು ಕೇಳಿದೆ. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಕಾಫಿ ತಂದುಕೊಟ್ಟರು. ನಾನು ಕುಡಿದು ಮುಗಿಸುವವರೆಗೂ ಬಾಗಿಲ ಕಡೆ ನೋಡುತ್ತಾ ನಿಂತಿದ್ದರು. ಆಮೇಲೆ ಫೋನಿನಲ್ಲೂ ಎರಡು ಸಲ ಕೇಳಿದೆ. ಎರಡು ಸಲವೂ "ಇಡ್ತೀನಮ್ಮ" ಎಂದು ಇಟ್ಟುಬಿಟ್ಟರು.

ಅವರು ಹೇಳುವ ತನಕ ಆ ತಿರುಪುಗಳಿಗೆ ಕೈ ಹಾಕುವುದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅಪ್ಪ ಗೂಡಿಂದ ಗಡಿಯಾರ ತರೋ ಹೊತ್ತಿಗೆ, ತಾತ ಹೋಗಿ ಎಷ್ಟು ಹೊತ್ತಾಗಿತ್ತು? ಅದು ಓಡ್ತಿತ್ತಾ?"