ತೋಳಿನ ಮಡಿಕೆ

ಆ ಮಳೆಗಾಲವಿಡೀ ನಮ್ಮ ಹಿತ್ತಲಿನ ತಂತಿಯ ಮೇಲೆ ಹನ್ನೊಂದು ಜರ್ಸಿಗಳು ಒಣಗುತ್ತಿದ್ದವು. ಬಾಗಲಕೋಟೆ ನವನಗರದ ಒಂದು ಹೈಸ್ಕೂಲಿನ ಹುಡುಗಿಯರ ಫುಟ್‌ಬಾಲ್ ತಂಡದವು. ನನ್ನ ಮಗಳು ಅದರ ಗೋಲ್‌ಕೀಪರ್. ಒಗೆಯುವ ಕೆಲಸವನ್ನು ಯಾರೂ ನನಗೆ ಒಪ್ಪಿಸಿರಲಿಲ್ಲ, ನಾನೇ ಕೇಳಿ ತೆಗೆದುಕೊಂಡಿದ್ದೆ. ಹುನಗುಂದದ ಎರೆಮಣ್ಣು ನೀರಿಗೆ ಹಾಕಿದ ಕೂಡಲೇ ಬಿಡುತ್ತದೆ, ಇಳಕಲ್ಲಿನ ಕೆಂಪು ಎರಡು ಸಲ ನೆನೆಸಿದರೂ ಹೋಗದು ಎಂದು ಗೊತ್ತಾದದ್ದು ಆಗ.

ಅಂಗಡಿಯಿಂದ ತಂದ ಜರ್ಸಿಗಳೆಲ್ಲ ಅರ್ಧ ತೋಳಿನವು. ನೆಲಕ್ಕೆ ಬಿದ್ದು ಚೆಂಡು ಹಿಡಿಯುವವಳ ಮೊಣಕೈ ತರಚುತ್ತದೆಂದು ಅವಳ ಅಂಗಿಗೆ ಮಾತ್ರ ನಾನು ಉದ್ದ ತೋಳು ಜೋಡಿಸಿದೆ. ಬೆಳೆಯುವ ಮಕ್ಕಳ ಬಟ್ಟೆಯನ್ನು ನಮ್ಮಲ್ಲಿ ಯಾರೂ ಸರಿ ಅಳತೆಗೆ ಹೊಲಿಯುವುದಿಲ್ಲ. ಮುಂದಿನ ವರ್ಷ ಬಿಚ್ಚಲೆಂದು ಒಳಗೆ ನಾಲ್ಕು ಬೆರಳು ಮಡಚಿಡುತ್ತೇವೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಸಣ್ಣ ಹೊಲಿಗೆಯಲ್ಲಿ, ಹೊರಗೆ ದಾರ ಕಾಣದಂತೆ, ನಾನೂ ಮಡಚಿಟ್ಟೆ.

ಹುನಗುಂದದಲ್ಲಿ ಪಂದ್ಯ ಸಮವಾಗಿ ಪೆನಾಲ್ಟಿಗೆ ಹೋದಾಗ ಅವಳು ಎರಡು ಚೆಂಡು ತಡೆದಳು. ಇಳಕಲ್ಲಿನಲ್ಲಿ ಒಂದೂ ಗೋಲು ಬಿಡಲಿಲ್ಲ. ಬಸ್ಸಿನಲ್ಲಿ ಗೆಳತಿಯರು ಅವಳಿಗೆ ‘ಅಗಸಿ’ ಎಂದು ಹೆಸರಿಟ್ಟರು. ಊರ ಹೆಬ್ಬಾಗಿಲು, ಹಾಕಿದರೆ ಯಾರೂ ಒಳಗೆ ಬರುವಂತಿಲ್ಲ. ಅವಳು ನಾಚಿಕೊಂಡರೂ ಆ ಹೆಸರನ್ನು ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡಿದ್ದಳು.

ಬಾದಾಮಿಯ ಫೈನಲ್‌ಗೆ ಎರಡು ದಿನ ಮೊದಲು ಪಿ.ಟಿ. ಸರ್ ಮನೆಗೆ ಬಂದರು. ಮಗಳು ಟ್ಯೂಷನ್‌ಗೆ ಹೋಗಿದ್ದಳು. ಚಹಾ ಕುಡಿದರು, ಅವಲಕ್ಕಿ ಚೂಡಾ ಹೊಗಳಿದರು.

“ಅಕ್ಕಾರ, ಕೀಪರ್ ಅಂಗಿ ತೋಳಿನ ಮಡಿಕಿ ಪೂರ್ತಿ ಬಿಚ್ಚಿ ಕೊಡ್ರಿ. ಹುಡುಗಿ ಬೆಳೀಲಿಕತ್ತಾಳ, ಹಾರೂವಾಗ ಜಗ್ತದ.”

ಬಿಚ್ಚಿದೆ. ಇಸ್ತ್ರಿ ಮಾಡುವಾಗ ಅವಳ ಶಾಲೆಯ ಅಂಗಿಯನ್ನು ಪಕ್ಕದಲ್ಲಿಟ್ಟು ನೋಡಿದೆ. ಈ ತೋಳು ಅವಳ ಅಂಗೈ ಮುಚ್ಚುವಷ್ಟು ಉದ್ದವಾಗಿತ್ತು. ಸರ್ ಹೇಳಿದ ಮೇಲೆ ನಾನು ಕೇಳುವುದೇನು ಎಂದು ಮಡಚಿ ಜರ್ಸಿಗಳ ಚೀಲಕ್ಕೆ ಹಾಕಿದೆ. ಮರುದಿನ ಅವರೇ ಬಂದು ಚೀಲ ಒಯ್ದರು.

ಫೈನಲ್ ನೋಡಲು ನಾನೂ ಬಾದಾಮಿಗೆ ಹೋಗಿದ್ದೆ. ಮೈದಾನದಲ್ಲಿ ಜರ್ಸಿ ಹಂಚುವಾಗ ಒಂದು ಕಡಿಮೆ ಬಿತ್ತು, ಮಗಳದೇ. ಆಗ ಬೇರೊಂದು ಗಾಡಿಯಿಂದ ಎತ್ತರದ ಹುಡುಗಿಯೊಬ್ಬಳು ಇಳಿದಳು, ಕಾಲೇಜು ಓದುವವಳು. ಆಗಲೇ ಅದನ್ನು ತೊಟ್ಟಿದ್ದಳು. ತೋಳು ಅವಳ ಮಣಿಕಟ್ಟಿಗೆ ಸರಿಯಾಗಿ ಕೂತಿತ್ತು.

ಪಟ್ಟಿಯಲ್ಲಿದ್ದದ್ದು ನನ್ನ ಮಗಳ ಹೆಸರು. ಆ ಹೆಸರಿನಲ್ಲಿ ಆಡುವವಳು ಇವಳು. ಹಾಗಾಗಿ ನನ್ನ ಮಗಳು ಬೆಂಚಿನ ಮೇಲೆ ಕೂರುವಂತೆಯೂ ಇರಲಿಲ್ಲ. ‘ಅಗಸಿ’ ಎಂದವರೆಲ್ಲ ಕಟ್ಟಿದ್ದ ಬೂಟಿನ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು.

ಸರ್ ನನ್ನನ್ನು ಪಕ್ಕಕ್ಕೆ ಕರೆದರು. ಎದುರಿನ ತಂಡದ ಫಾರ್ವರ್ಡ್ ಭಾಳ ಜೋರಿದ್ದಾಳೆ, ಗೆಲ್ಲಲು ಬೇರೆ ದಾರಿಯಿಲ್ಲ ಎಂದರು. “ಸಿಟ್ಟಾಗಬ್ಯಾಡ್ರಿ ಅಕ್ಕಾರ. ಸರ್ಟಿಫಿಕೇಟ್ ನಿಮ್ಮ ಮಗಳ ಹೆಸರಿಗೇ ಬರ್ತದ. ಮತ್ತೇನ ಬೇಕು?”

“ಆಕಿಗೆ ಆಡೂದು ಬೇಕಿತ್ರಿ ಸರ್.” ನನ್ನ ಬಾಯಿಂದ ಬಂದದ್ದು ಅಷ್ಟೇ, ಅದೂ ಮೆಲ್ಲಗೆ.

ಬೇವಿನ ಮರದ ಕೆಳಗೆ, ದೂರದಲ್ಲಿ ಕೂತು ನೋಡಿದೆವು. ನಮ್ಮವರು ಗೋಲು ಹೊಡೆದಾಗ ಮಗಳ ಕೈಗಳು ತಾವಾಗಿಯೇ ಚಪ್ಪಾಳೆಗೆ ಎದ್ದು ಅರ್ಧಕ್ಕೆ ನಿಂತವು. ತಂಡ ಗೆದ್ದಿತು. ಹುಡುಗಿಯರು ಓಡಿಹೋಗಿ ಎತ್ತರದವಳನ್ನು ತಬ್ಬಿಕೊಂಡರು.

ನಾವಿಬ್ಬರೂ ಸರ್ಕಾರಿ ಬಸ್ಸಿನಲ್ಲಿ ಮರಳಿದೆವು. ಬಾಗಲಕೋಟೆ ಹತ್ತಿರವಾದಾಗ ಅವಳು ಬಾಯಿಬಿಟ್ಟಳು.

“ತೋಳು ಬಿಚ್ಚಿದ್ದು ನೀನ?”

“ಹೂಂ.”

“ನನಗ ಉದ್ದ ಆಗ್ತದಂತ ಕಾಣಲಿಲ್ಲೇನು? ನಿನಗ ಎಲ್ಲಾ ಕಾಣ್ತದ.”

“ಕಂಡಿತ್ತು.”

ಅವಳು ಕಿಟಕಿಯ ಕಡೆ ತಿರುಗಿದಳು.

ಸೋಮವಾರ ಚೀಲ ಎಂದಿನಂತೆ ಬಾಗಿಲಿಗೆ ಬಂತು. ಮೇಲೆ ಸರ್ಟಿಫಿಕೇಟ್, ಅವಳ ಹೆಸರನ್ನು ದುಂಡಗೆ ಬರೆದಿದ್ದರು. ಅದನ್ನೂ ಒಗೆಯದ ಹತ್ತು ಜರ್ಸಿಗಳನ್ನೂ ಹಿಂದಕ್ಕೆ ಕಳಿಸಿದೆ. ಒಂದನ್ನು ಇಟ್ಟುಕೊಂಡು ಒಗೆದೆ. ಹಳೆಯ ಮಡಿಕೆಯ ಗೆರೆ ಇನ್ನೂ ಅಳಿಸಿರಲಿಲ್ಲ. ಅದರ ಗುಂಟವೇ ಮಡಚಿ, ಸೂಜಿಗೆ ದಾರ ಪೋಣಿಸಿ, ಕೈ ಚಾಚು, ಅಳತೆ ನೋಡುತ್ತೇನೆ ಎಂದು ಅವಳನ್ನು ಕರೆದೆ.

ಅವಳು ಬಾಗಿಲಲ್ಲೇ ನಿಂತಳು. ಎರಡೂ ಕೈ ಬೆನ್ನ ಹಿಂದೆ ಇದ್ದವು.

“ನನ್ನ ಅಳತಿ ನಿನಗ ಗೊತ್ತದ ಅಲ್ಲ, ಮಮ್ಮಿ,” ಎಂದಳು.