ಅಯ್ಯನವರು ‘ಇಲ್ಲ’ ಎಂದ ದಿನ

ನಮ್ಮ ಚರ್ಚಿನ ಸಭೆಗೆ ಹತ್ತೊಂಬತ್ತು ವರ್ಷ ಪಾಲಕರಾಗಿದ್ದ ಅಯ್ಯನವರ ಬಾಯಲ್ಲಿ ನಾನು ‘ಇಲ್ಲ’ ಎಂಬ ಮಾತು ಕೇಳಿದ್ದು ಒಂದೇ ಸಲ. ಸಭೆಯ ಕಾರ್ಯದರ್ಶಿಯಾಗಿ ಅವರ ಬೆನ್ನಿಗೆ ಅಂಟಿಕೊಂಡೇ ಇದ್ದವನು ನಾನು. ತಪ್ಪು ಹೇಳುವ ಸಂಭವ ಕಡಿಮೆ. ಚರ್ಚಿನ ಚಾವಣಿ ಸೋರುತ್ತದೆ ಎಂದರೆ ‘ನೋಡೋಣ’. ಹಾಡುವವರು ಹೊಸ ಹಾರ್ಮೋನಿಯಂ ಬೇಕೆಂದರೆ ‘ನೋಡೋಣ’. ಎರಡು ಮನೆಯವರು ಒಂದೇ ಶನಿವಾರ, ಒಂದೇ ಹೊತ್ತಿಗೆ ಮದುವೆ ಇಟ್ಟುಕೊಂಡು ಬಂದಾಗಲೂ ಇಬ್ಬರಿಗೂ ‘ನೋಡೋಣ’ ಎಂದು ಹೇಳಿ ಕಳಿಸಿದರು. ಆಮೇಲೆ ಎರಡೂ ಕಡೆಯವರ ಕೈಕಾಲು ಹಿಡಿದು ಸರಿಪಡಿಸಿದವನು ನಾನು. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ನೋಡೋಣ ಅಯ್ಯನವರು’ ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು.

ಪ್ರಸಂಗದಲ್ಲಿ, ಅಂದರೆ ಭಾನುವಾರದ ಉಪದೇಶದಲ್ಲಿ, ಅವರು ಅಂಥ ಘಟಾನುಘಟಿಯೇನಲ್ಲ. ಹತ್ತು ನಿಮಿಷದಲ್ಲಿ ಮುಗಿಯುವುದನ್ನು ಅರ್ಧ ಗಂಟೆ ಎಳೆಯುತ್ತಿದ್ದರು, ಹಿಂದಿನ ಬೆಂಚಿನವರು ತೂಕಡಿಸುತ್ತಿದ್ದರು. ಆದರೆ ಯಾರಾದರೂ ತೀರಿಕೊಂಡಾಗ ಅವರಾಡುವ ನಾಲ್ಕು ಮಾತು ಕೇಳಲು ಬೇರೆ ಸಭೆಯವರೂ ಬಂದು ನಿಲ್ಲುತ್ತಿದ್ದರು. ಅದಕ್ಕೆ ಅವರದೊಂದು ಕ್ರಮವಿತ್ತು. ಸಾವಿನ ಮನೆಗೆ ಹೋಗಿ, ಹೋದವರು ದಿನಾ ಕೂರುತ್ತಿದ್ದ ಜಾಗ ಯಾವುದೆಂದು ಕೇಳಿ, ಅಲ್ಲೇ ಅರ್ಧ ಗಂಟೆ ಕೂರುತ್ತಿದ್ದರು. ಅಲ್ಲಿಂದ ಏನು ಕಾಣುತ್ತದೆ, ಕೈಗೆ ಏನು ಎಟುಕುತ್ತದೆ ಎಂದು ಸುಮ್ಮನೆ ನೋಡುತ್ತಿದ್ದರು. ಬಡಗಿಯೊಬ್ಬ ತೀರಿಕೊಂಡಾಗ ಅವರು ಹೇಳಿದ್ದು ಇಷ್ಟು: ಊರಿಗೆಲ್ಲ ಕುರ್ಚಿ ಮಾಡಿಕೊಟ್ಟವನ ಮನೆಯ ಕುರ್ಚಿಗೆ ಒಂದು ಕಾಲು ಗಿಡ್ಡ, ಅದರ ಕೆಳಗಿನ ರಟ್ಟನ್ನು ಮಡಚಿಟ್ಟವಳು ಅವನ ಹೆಂಡತಿ. ಆ ಹೆಂಗಸು ಅಳುತ್ತಲೇ ನಕ್ಕುಬಿಟ್ಟಳು.

ಅವರಿಗೆ ವರ್ಗದ ಪತ್ರ ಬಂತು. ರೈಲಿನಲ್ಲಿ ಇಡೀ ಹಗಲು ಕೂತರೆ ಸಿಗುವಷ್ಟು ದೂರದ ಸಭೆ. ನಮ್ಮಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ: ಬಿಟ್ಟುಹೋದ ಅಯ್ಯನವರು ಹಳೆಯ ಸಭೆಯ ಮದುವೆಗಾಗಲಿ ಮಣ್ಣಿಗಾಗಲಿ ಮತ್ತೆ ಬರಕೂಡದು. ಬಂದರೆ ಹೊಸಬರು ಬೇರು ಬಿಡುವುದಿಲ್ಲ. ನಿಯಮ ಸರಿಯಾದದ್ದೇ. ಅದನ್ನು ಮಾಡಿದವರಿಗೆ ಬಿಟ್ಟುಹೋಗುವ ಸಂಕಟ ಗೊತ್ತಿರಲಿಲ್ಲ, ಅಷ್ಟೆ.

ಅಯ್ಯನವರ ಹೆಂಡತಿ ಅಮ್ಮನವರು ಮನೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿರುವಾಗ ನಾವಿಬ್ಬರೂ ನಲವತ್ತೆರಡು ಮನೆಗಳಿಗೆ ಹೇಳಿಬರಲು ಹೊರಟೆವು. ಎಲ್ಲ ಕಡೆ ಒಂದೇ ಪ್ರಶ್ನೆ, ಮಗಳ ಮದುವೆಗೆ ಬರುತ್ತೀರಲ್ಲ, ಮೊಮ್ಮಗುವಿಗೆ ದೀಕ್ಷಾಸ್ನಾನ ನೀವೇ ಕೊಡಬೇಕು ಎಂದು. ಎಲ್ಲ ಕಡೆ ಒಂದೇ ಉತ್ತರ. ನನಗೆ ರೇಗಿತು. ನಲವತ್ತೊಂದನೆಯ ಮನೆಯಿಂದ ಹೊರಬಿದ್ದ ಮೇಲೆ ದಾರಿಯಲ್ಲೇ ಕೇಳಿದೆ, ಹೋಗುವಾಗ ಮನೆಮನೆಗೂ ಸುಳ್ಳು ಹಂಚಿ ಹೋಗುತ್ತೀರಾ ಎಂದು. ಅವರು ಕನ್ನಡಕ ಒರೆಸಿಕೊಂಡು ಮುಂದಿನ ಮನೆಯ ಕಡೆ ನಡೆದರು.

ಕೊನೆಯ ಮನೆ ಟೈಲರ್ ದೊಡ್ಡಮ್ಮನದು. ಎಂಬತ್ತೊಂದು ವರ್ಷ, ಮದುವೆಯಿಲ್ಲ ಮಕ್ಕಳಿಲ್ಲ. ಹಾಡುವವರ ಉಡುಪಿನಿಂದ ಹಿಡಿದು ಅಯ್ಯನವರ ಬಿಳಿ ನಿಲುವಂಗಿಯವರೆಗೆ ಎಲ್ಲ ಅವಳು ಹೊಲಿದದ್ದೇ. ಪಕ್ಕದ ಮನೆಯಲ್ಲಿದ್ದ ಅವಳ ತಂಗಿ ಐದು ವರ್ಷದ ಹಿಂದೆ ತೀರಿಕೊಂಡಿದ್ದಳು. ಅಕ್ಕತಂಗಿಯರಿಗೆ ಮಾತು ಬಿಟ್ಟಿತ್ತು. ಚರ್ಚಿನಲ್ಲಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಒಂದೇ ಹಾಡು ಹಾಡುತ್ತಿದ್ದರು.

ದೊಡ್ಡಮ್ಮ ಮುಂದಿನ ಕೋಣೆಯಲ್ಲಿ ಮೆಷಿನ್ ಮುಂದೆ ಕೂತಿದ್ದಳು. ಕೊರಳಲ್ಲಿ ಅಳತೆ ಟೇಪು, ಮಡಿಲಲ್ಲಿ ಯಾರದೋ ಪ್ಯಾಂಟು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವಳಿಗಿಲ್ಲ.

“ನನ್ನ ಮಣ್ಣಿಗೆ ಬರ್ತೀರಾ ಅಯ್ಯನವರೇ? ನೋಡೋಣ ಅನ್ಬೇಡಿ. ಹಂಗಂದ್ರೆ ನಾನು ನಂಬ್ಕೊಂಡು ಸಾಯ್ತೀನಿ.”

ಅಯ್ಯನವರು ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತ ನಿಂತರು. ನಾನು ಅವರ ಕಡೆ ನೋಡಲಿಲ್ಲ.

“ಇಲ್ಲ ದೊಡ್ಡಮ್ಮ,” ಎಂದರು. “ಬರೋ ಹಂಗಿಲ್ಲ.”

ಅವಳು ದಾರ ಕತ್ತರಿಸಿ ಪ್ಯಾಂಟು ಪಕ್ಕಕ್ಕಿಟ್ಟಳು. ತನ್ನನ್ನು ಕಂಡೇ ಇರದ ಯಾರೋ ಬಂದು ‘ದೈವಭಕ್ತೆ, ಸಾಧ್ವಿ’ ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ, ಅದೊಂದೇ ತನಗೆ ಭಯ, ಸಾವಿನದಲ್ಲ ಎಂದಳು. ಆಮೇಲೆ ಮೆಷಿನ್ನಿನ ಮುಂದಿನ ಸ್ಟೂಲಿನಿಂದ ಎದ್ದಳು.

“ಹಂಗಾದ್ರೆ ಇವತ್ತೇ ಹೇಳ್ಬಿಡಿ. ಕೂತ್ಕೊಳ್ಳಿ ಇಲ್ಲಿ, ನಿಮ್ಮ ಅರ್ಧ ಗಂಟೆ. ನೀವು ಹೇಳಿದ್ದನ್ನ ಸತ್ತೋರು ಯಾರೂ ಕೇಳಿಲ್ಲ, ನಾನು ಕೇಳ್ತೀನಿ.” ನನ್ನ ಕಡೆ ತಿರುಗಿ, “ನೀನು ಬರ್ಕೋ,” ಎಂದಳು.

ಅಯ್ಯನವರು ಕೂತರು. ಬಾಗಿಲ ಬಳಿಯ ಕುರ್ಚಿಯಲ್ಲಿ ಅವಳು ಕೈಕಟ್ಟಿ ಕೂತಳು. ಅವರು ಮೆಷಿನ್ನಿನ ಡ್ರಾಯರ್ ಎಳೆದು ಗುಂಡಿಗಳನ್ನು ನೋಡಿದರು. ಅರ್ಧ ಹೊಲಿದಿಟ್ಟ ಚಿಕ್ಕ ಫ್ರಾಕಿನ ಅಂಚು ಮಗುಚಿ ನೋಡಿದರು. ಕಿಟಕಿಯಾಚೆ ಮೂರಡಿ ಓಣಿ, ಅದರಾಚೆ ತಂಗಿಯ ಮನೆಯ ಮುಚ್ಚಿದ ಕಿಟಕಿ. ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತು, ಚರ್ಚಿನಲ್ಲಿ ಮಾತಾಡುವ ದನಿಯಲ್ಲೇ ಶುರುಮಾಡಿದರು.

ಮಕ್ಕಳ ಬಟ್ಟೆ ಹೊಲಿಯುವಾಗಲೆಲ್ಲ ಈಕೆ ಅಂಚಿನೊಳಗೆ ಎರಡು ಬೆರಳಗಲ ಬಟ್ಟೆ ಮಡಚಿಟ್ಟು ಹೊಲಿಯುತ್ತಿದ್ದಳು, ಮಗು ಬೆಳೆದಾಗ ಬಿಚ್ಚಿಕೊಳ್ಳಲಿ ಎಂದು. ಯಾರಿಗೂ ಹೇಳುತ್ತಿರಲಿಲ್ಲ, ತಾಯಂದಿರು ತಾವೇ ಕಂಡುಕೊಳ್ಳಬೇಕಿತ್ತು. ಪ್ರಸಂಗ ಉದ್ದವಾದರೆ ಎಲ್ಲರಿಗೂ ಕಾಣುವ ಹಾಗೆ ಗಡಿಯಾರ ಎತ್ತಿ ಹಿಡಿಯುತ್ತಿದ್ದಳು. ಈಕೆಯ ಸಿಟ್ಟೂ ಈಕೆಯ ಹೊಲಿಗೆಯ ಹಾಗೆಯೇ, ಬೇಗ ಬಿಡುತ್ತಿರಲಿಲ್ಲ. ಎದುರು ಕಿಟಕಿಯ ತಂಗಿಯ ಜೊತೆ ಹದಿನಾಲ್ಕು ವರ್ಷ ಮಾತಾಡಲಿಲ್ಲ.

“ಹನ್ನೆರಡು,” ಎಂದಳು ದೊಡ್ಡಮ್ಮ.

ಅಯ್ಯನವರು ನಿಲ್ಲಿಸಿದರು.

“ಕೊನೇ ಎರಡು ವರ್ಷ ಮಾತಾಡಿದೀವಿ, ಈ ಕಿಟಕಿಯಲ್ಲಿ. ದಿನಾ. ಚರ್ಚಲ್ಲಿ ಮಾತ್ರ ದೂರ ಕೂರ್ತಿದ್ವಿ. ಇಷ್ಟು ವರ್ಷ ಹಟ ಮಾಡಿ ಈಗ ರಾಜಿಯಾದ್ರು ಅಂತ ನಿಮ್ಮ ಜನ ನಗ್ತಾರಲ್ಲ, ಅದಕ್ಕೆ.”

ಹತ್ತೊಂಬತ್ತು ವರ್ಷ ಈ ಮನೆಗೆ ಬಂದರೂ ತನಗಿದು ತಿಳಿದಿರಲಿಲ್ಲ ಎಂದು ಅಯ್ಯನವರು ಒಪ್ಪಿಕೊಂಡರು. ನನಗೆ ‘ಹನ್ನೆರಡು’ ಎಂದು ತಿದ್ದಲು ಹೇಳಿ, ಮಾತು ಮುಂದುವರಿಸಿ ಮುಗಿಸಿದರು. ಅವಳು ಹಾಳೆ ಇಸಿದುಕೊಂಡು ಡ್ರಾಯರಿನಲ್ಲಿ ಗುಂಡಿಗಳ ಜೊತೆ ಇಟ್ಟಳು. ಮಾರನೆಯ ಬೆಳಗಿನ ರೈಲಿಗೆ ಅಯ್ಯನವರು ಹೋದರು.

ಎಂಟು ತಿಂಗಳಿಗೆ ದೊಡ್ಡಮ್ಮ ತೀರಿಕೊಂಡಳು. ಹೊಸ ಅಯ್ಯನವರಿಗೆ ಹಾಳೆ ಕೊಟ್ಟೆ. ಒಳ್ಳೆಯ ಮನುಷ್ಯ, ಒಂದಕ್ಷರ ಬದಲಿಸದೆ ಓದಿದರು. ಮಣ್ಣಾದ ಮೇಲೆ, ಮಧ್ಯಾಹ್ನ, ನಾನು ದೂರದ ಸಭೆಗೆ ಫೋನು ಮಾಡಿದೆ. ಎಷ್ಟು ಜನ ಸೇರಿದ್ದರು, ಯಾವ ಹಾಡು ಹಾಡಿದರು ಎಂದು ಅಯ್ಯನವರು ಏನೂ ಕೇಳಲಿಲ್ಲ.

“ಹನ್ನೆರಡು ಅಂತಾನೇ ಓದಿದ್ರಾ?” ಎಂದರು.

ಹೌದು, ಹನ್ನೆರಡು ಎಂದೇ ಓದಿದರು ಎಂದೆ. ನನಗೂ ಎಪ್ಪತ್ತಾರು ದಾಟಿತ್ತು. ನಿಯಮದ ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು, ಅದರಲ್ಲಿ ಏನಿದೆಯೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಕೇಳಿಬಿಟ್ಟೆ, ನನ್ನ ಸರದಿಗಾದರೂ ಬರುತ್ತೀರಾ ಎಂದು.

“ನೋಡೋಣ,” ಎಂದರು.

ನಾನು ಬೈಯಲಿಲ್ಲ.