ತಮ್ಮನ ಎಡಗಾಲು

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಮಳವಳ್ಳಿಯ ಆಟಗಾರನೊಬ್ಬ ನನ್ನ ತಮ್ಮನ ಎಡ ಕಣಕಾಲನ್ನು ಎರಡೂ ಕೈಗಳಿಂದ ಬಾಚಿ ಹಿಡಿದ. ಮದ್ದೂರಿನ ಆ ಕಬಡ್ಡಿ ಪಂದ್ಯದಲ್ಲಿ ಸಮಯ ನೋಡುವವನು ನಾನೇ ಆಗಿದ್ದರಿಂದ ಗಳಿಗೆ ಮರೆತಿಲ್ಲ. ತಮ್ಮ ಕಿರುಚಿ ಬಿದ್ದ. ಹಿಂದಿನ ವರ್ಷ ಅದೇ ಕೀಲಿಗೆ ಮೈಸೂರಿನಲ್ಲಿ ಆಪರೇಷನ್ ಮಾಡಿ, ಹರಿದ ಮೃದು ಎಲುಬನ್ನೂ ಮೂಳೆಯ ಚೂರೊಂದನ್ನೂ ತೆಗೆದಿದ್ದರು.

ತಪ್ಪು ನನ್ನದು. ಅಭ್ಯಾಸದಲ್ಲಿ ಆ ಕಾಲನ್ನು ಯಾರೂ ಹಿಡಿಯಬಾರದೆಂದು ಅವನ ಗೆಳೆಯರಿಗೆ ಗುಟ್ಟಾಗಿ ಹೇಳಿದ್ದೆ. ಅವರು ಸೊಂಟವನ್ನಷ್ಟೇ ಹಿಡಿದರು. ಕಾಲು ಗಟ್ಟಿಯಾಯಿತೆಂದು ಅವನು ನಂಬಿದ.

ಎಕ್ಸ್‌ರೇಯಲ್ಲಿ ಮೂಳೆಗೇನೂ ಆಗಿರಲಿಲ್ಲ, ಬರೀ ಉಳುಕು. ಆದರೂ ಕಣ್ಣು ಮುಚ್ಚಿದರೆ ನನಗೆ ಆ ಎರಡು ಕೈಗಳೇ ಕಾಣುತ್ತಿದ್ದವು. ರಾತ್ರಿ ಎದ್ದೆದ್ದು ಅವನ ಪಾದ ಮುಟ್ಟಿ ನೋಡುತ್ತಿದ್ದೆ.

ಡಾಕ್ಟರು ಮತ್ತೆ ಆಡಬಹುದೆಂದ ಮೇಲೆ ಅವನಿಗೆ ನಿಜ ಹೇಳಿದೆ. ಅವನು ನನ್ನನ್ನು ಮೈದಾನಕ್ಕೆ ಕರೆದೊಯ್ದು ಎಡಗಾಲು ಚಾಚಿದ.

"ಇಡ್ಕೊ ಅಣ್ಣ, ಇದೇ ಕಾಲ್ನ."

ಬೆರಳ ತುದಿಯಲ್ಲಷ್ಟೇ ಹಿಡಿದೆ.

"ಅಸೀನ್ ಕೆಚ್ಚಲಿಂದ ಆಲು ಕರೀತಿದ್ದೀಯಾ? ಬಿಗ್ಯಾಗಿ ಇಡಿಯಣ್ಣೋ!"

ಬಿಗಿಯಾಗಿ ಹಿಡಿದೆ. ಅವನು "ಕಬಡ್ಡಿ, ಕಬಡ್ಡಿ" ಎನ್ನುತ್ತ ನನ್ನನ್ನೂ ಎಳೆದುಕೊಂಡೇ ಹೋಗಿ ನಡುಗೆರೆ ಮುಟ್ಟಿದ. ಅಂದು ಶುಕ್ರವಾರ. ಆ ರಾತ್ರಿ ಮಲಗಿದ ನನಗೆ ಬೆಳಗಿನವರೆಗೆ ಎಚ್ಚರವಾಗಲಿಲ್ಲ.